ಪಾರ್ಟಿನಲ್ಲಿ ಇಲ್ಲದ ಪ್ರಶ್ನೆ

ಅಂಬಳೆ, ಯಳಂದೂರು ತಾಲ್ಲೂಕು
ಗುರುವಾರ, 13 ನವೆಂಬರ್ 2025

ಪ್ರಾಣಮಿತ್ರ ಮುತ್ತಯ್ಯನಿಗೆ ಶಿವಮಲ್ಲಪ್ಪ ಮಾಡುವ ನಮಸ್ಕಾರಗಳು.

ಮೊದಲು ನನ್ನ ತಪ್ಪೊಪ್ಪಿಗೆ. ನಿನ್ನ ಮಗಳ ಗೃಹಪ್ರವೇಶಕ್ಕೆ ನಾನು ಬರಲಿಲ್ಲ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹದಿನೇಳು ವರ್ಷ ಒಂದೇ ಪಲ್ಟನ್ನಿನಲ್ಲಿ ಹೆಗಲಿಗೆ ಹೆಗಲು ಕೊಟ್ಟವನು ಹೀಗೆ ಮಾಡಬಹುದೇ ಎಂದು ನಿನ್ನ ಮನೆಯಾಕೆ, ನನ್ನ ತಂಗಿಯಂಥ ಶಿವಮ್ಮನ ಮುಂದೆ ಬೈದುಕೊಂಡಿರುತ್ತೀ. ಬೈ, ನನಗೆ ಅದು ಸಲ್ಲಬೇಕಾದದ್ದೇ. ಜ್ವರ ಎಂದು ಹೇಳಿ ಕಳಿಸಿದ್ದು ಸುಳ್ಳು. ನಿಮ್ಮ ಅಜ್ಜೀಪುರದವರು ಹೊಸ ಮನೆ ಎಂದರೆ ಪಟಾಕಿ ಸರ ಹಚ್ಚದೆ ಒಳಗೆ ಕಾಲಿಡುವುದಿಲ್ಲ ಎಂಬುದು ನೆನಪಾಯಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನವರೆಗೂ ಬಂದವನು, ನಿನ್ನ ಮಗಳಿಗೆಂದು ತಂದ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಿಂದಿರುಗಿದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀಯ? ನನ್ನ ದನಿ ನಿನಗೆ ಗೊತ್ತಿಲ್ಲವೇ. ನಾಟಕದಲ್ಲಿ ಮೈಕಿಲ್ಲದೆ ಮೂರು ಸಾವಿರ ಜನಕ್ಕೆ ಕೇಳಿಸಿದ ಗಂಟಲು ಇದು. ಇದರಲ್ಲಿ ಗುಟ್ಟು ಹೇಳಲು ಬರುವುದಿಲ್ಲ. ಹಜಾರದಲ್ಲಿ ಪಿಸುಗುಟ್ಟಿದರೆ ಎದುರು ಬೀದಿಯವರು ಏನಂದ್ರಿ ಎಂದು ಕೇಳುತ್ತಾರೆ. ಅಂಚೆಗೆ ಹಾಕಿದರೆ ತಡವಾಗುತ್ತದೆ. ನಮ್ಮೂರಿನ ಮಾದೇಶ್ ನಾಳೆ ಮಾದಪ್ಪನ ಬೆಟ್ಟಕ್ಕೆ ಹೋಗುವವನಿದ್ದಾನೆ, ದಾರಿಯಲ್ಲಿ ನಿನಗೆ ಮುಟ್ಟಿಸಲು ಅವನ ಕೈಯಲ್ಲಿ ಅಂಟಿಸಿ ಕೊಡುತ್ತೇನೆ. ಓದುವಾಗ ಒಬ್ಬನೇ ಇರು.

ಮುತ್ತಯ್ಯ, ನಾನು ಒಬ್ಬ ಹೆಣ್ಣುಮಗಳ ಅನ್ನದ ಮೇಲೆ ಮಣ್ಣು ಹಾಕಿದ್ದೇನೆ. ಹೆದರಿ ಹಾಕಿದ್ದೇನೆ. ಅದನ್ನು ಹೇಗೆ ತೆಗೆಯುವುದು ಎಂದು ತಿಳಿಯದೆ ಮೂರು ದಿನದಿಂದ ತಳಮಳಿಸುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ ಕೇಳು. ಕೊಳ್ಳೇಗಾಲದಲ್ಲಿ ನಮ್ಮಂಥ ಮಾಜಿ ಸೈನಿಕರಿಗಾಗಿ ಟ್ರಸ್ಟಿನವರು ನಡೆಸುವ ಆರೋಗ್ಯ ಕೇಂದ್ರ ಇದೆಯಲ್ಲ, ಅಲ್ಲಿ ಹಿರಿಯ ಸಮಾಜ ಕಾರ್ಯಕರ್ತರ ಹುದ್ದೆಗೆ ಕರೆದಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿಗೆ ಸೇರಿ ಒಂದೇ ಹುದ್ದೆ. ಬೇಕಾದ ಅರ್ಹತೆಯನ್ನು ಗೋಡೆಗೆ ಅಂಟಿಸಿದ್ದರು, ಅಲ್ಲಿ ಸೇರಿದ್ದವರಿಗೆ ನಾನೇ ಜೋರಾಗಿ ಓದಿ ಹೇಳಿದೆ. ವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಆಗಿರಬೇಕು, ಆಸ್ಪತ್ರೆಯಲ್ಲಿ ಐದು ವರ್ಷ ದುಡಿದಿರಬೇಕು, ಕಿರಿಯರನ್ನು ತಿದ್ದಿದ ಅನುಭವ ಇರಬೇಕು, ಜೀವಕ್ಕೆ ಅಪಾಯ ಇರುವವರನ್ನು ಮಾತಿನಲ್ಲೇ ಗುರುತಿಸಬಲ್ಲವರಾಗಿರಬೇಕು. ಈ ಕೊನೆಯದನ್ನು ಯಾವ ಸರ್ಟಿಫಿಕೇಟು ನೋಡಿ ತಿಳಿಯುವುದು? ಅದಕ್ಕೇ ಒಂದು ಪರೀಕ್ಷೆ ಇಟ್ಟರು. ಅಭ್ಯರ್ಥಿಯ ಮುಂದೆ ಒಬ್ಬ ರೋಗಿಯನ್ನು ಕೂರಿಸುವುದು, ಅರ್ಧ ಗಂಟೆ ಮಾತಾಡಿಸುವುದು.

ಅಲ್ಲಿನ ಡಾಕ್ಟರು ಮಾಲಿನಿ ಎಂದು. ನಿಜವಾಗಿ ನರಳುವವರನ್ನು ಪರೀಕ್ಷೆಗೆ ಕೂರಿಸುವುದು ಧರ್ಮವಲ್ಲ, ಚೆನ್ನಾಗಿ ನಟಿಸುವವರು ಬೇಕು ಎಂದರಂತೆ. ಕಮಿಟಿಯಲ್ಲಿದ್ದ ಕರ್ನಲ್ ಸಾಹೇಬರು ನನ್ನ ದುರ್ಯೋಧನನನ್ನು ನೋಡಿದವರು. ನೇರವಾಗಿ ನನಗೇ ಹೇಳಿಕಳಿಸಿದರು. ನನ್ನ ಎದೆ ಹೇಗೆ ಉಬ್ಬಿತು ಎಂದು ಹೇಳಬೇಕೇ? ಬ್ಯಾಂಕಿಗೆ ರಜೆ ಹಾಕಿ, ಗಾರ್ಡಿನ ಯೂನಿಫಾರಂ ಕಳಚಿ, ಬಿಳಿ ಪಂಚೆ ಉಟ್ಟು ಹೋದೆ.

ಪಾರ್ಟು ಎಂದು ಅರ್ಧ ಹಾಳೆ ಕೊಟ್ಟಿದ್ದರು. ಹೆಸರು ರಾಜಣ್ಣ, ಮಾಜಿ ಹವಾಲ್ದಾರ, ಮಂಡಿನೋವು ಎಂದು ಬಂದಿದ್ದಾನೆ, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು. ಅಷ್ಟೇ. ಅದನ್ನು ಕಂಠಪಾಠ ಮಾಡಿ, ಎಲ್ಲಿ ಗುಡುಗಬೇಕು, ಎಲ್ಲಿ ಕಣ್ಣೊರೆಸಬೇಕು ಎಂದು ಗುರುತು ಹಾಕಿಕೊಂಡೆ. ರೋಗಿಯ ಕಡೆಯಿಂದಲೂ ಇಪ್ಪತ್ತು ಅಂಕ ಉಂಟು, ಅದನ್ನು ನಾನೇ ಹಾಕಬೇಕು ಎಂದರು.

ಮೊದಲು ಬಂದವನು ಶಾಂತಮೂರ್ತಿ ಎಂಬಾತ. ಎಂಟು ವರ್ಷದ ಅನುಭವ, ಎರಡು ಡಿಪ್ಲೊಮಾ, ಇಸ್ತ್ರಿ ಮುರಿಯದ ಅಂಗಿ. ತನ್ನ ಕೈಯ ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಒಂದೂ ಬಿಡದೆ ಕೇಳಿದ. ನಾನು ಗುಡುಗಿದಾಗ ತಲೆ ಆಡಿಸಿದ, ಕಣ್ಣೊರೆಸಿಕೊಂಡಾಗ ನೀರು ಕೊಟ್ಟ. ಎರಡನೆಯವಳು ಮೈಸೂರಿನವಳು, ನನ್ನ ಮೊದಲ ಅಬ್ಬರಕ್ಕೇ ಪೆನ್ನು ಕೆಳಗೆ ಬೀಳಿಸಿದಳು. ನನಗೆ ಒಳಗೊಳಗೇ ಖುಷಿ.

ಮೂರನೆಯವಳು ಶಿವರಂಜನಿ, ಸತ್ತೇಗಾಲದವಳು. ಮೂವತ್ತೈದರ ಆಸುಪಾಸು. ಐದು ವರ್ಷದ ಮೇಲೆ ಎರಡೇ ತಿಂಗಳು ಅನುಭವ, ಅದೂ ಕುಡಿತ ಬಿಡಿಸುವ ವಾರ್ಡಿನಲ್ಲಿ. ಕಾಗದದ ಮೇಲೆ ಮೂವರಲ್ಲಿ ಅವಳೇ ಕಡಿಮೆ. ಬಂದವಳು ಪ್ರಶ್ನೆ ಕೇಳಲಿಲ್ಲ. ನನ್ನ ಕುರ್ಚಿಯನ್ನು ನೋಡಿದಳು, ಅದು ಕೋಣೆಯ ನಡುವೆ ಇತ್ತು, ಬಾಗಿಲು ನನ್ನ ಬೆನ್ನಿಗೆ. "ಸಾ, ಒಸಿ ಎದ್ದೇಳಿ. ಗ್ವಾಡೆ ಕಡೀಕ್ ಕೂತ್ಕಳಿ, ಬಾಗ್ಲು ಕಾಣ್ತದೆ" ಎಂದು ತಾನೇ ಕುರ್ಚಿ ಎಳೆದು ಹಾಕಿದಳು.

ಗೋಡೆಗೆ ಬೆನ್ನು ತಾಗಿದ್ದೇ ತಡ, ನನ್ನ ಮೈ ಸಡಿಲವಾಯಿತು. ಅಲ್ಲಿಯವರೆಗೆ ಅದು ಬಿಗಿದುಕೊಂಡಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದ ನಾಟಕದಲ್ಲಿ ಒಂದು ಮಾತು ಮರೆಯದವನು ಮಂಡಿನೋವಿನ ಮಾತನ್ನೇ ಮರೆತು ಕೂತೆ. ಅವಳು ಅವಸರ ಮಾಡಲಿಲ್ಲ. ಕಡೆಗೆ ಹೇಗೋ ನೆನಪಾಗಿ ಗುಡುಗಿದೆ. ಪೂರ್ತಿ ಗುಡುಗಲು ಬಿಟ್ಟಳು. ಆಮೇಲೆ ಕೇಳಿದಳು.

"ಬೇಜಾರ್ ಮಾಡ್ಕಬೇಡಿ ಸಾ. ನಿಮ್ಮನೇಲಿ ಯಾರಾದ್ರೂವೆ, ನಿಮ್ಮತ್ರ ಬರೋಕ್ ಮುಂಚೆ ಸದ್ದು ಮಾಡ್ಕಂಡು ಬತ್ತರಾ?"

ಇದು ನನ್ನ ಪಾರ್ಟಿನ ಹಾಳೆಯಲ್ಲಿ ಇರಲಿಲ್ಲ ಮುತ್ತಯ್ಯ. ರಾಜಣ್ಣನಿಗೆ ಹೆಂಡತಿ ಇದ್ದಾಳೋ ಇಲ್ಲವೋ ಎಂದೇ ಬರೆದಿರಲಿಲ್ಲ. ಆದರೆ ನನ್ನ ಕಿವಿಯಲ್ಲಿ ನಮ್ಮ ಮನೆಯ ಸದ್ದು ಕೇಳಿತು. ಸುವರ್ಣ ಅಡಿಗೆಮನೆಯಿಂದ ಈಚೆಗೆ ಬರುವ ಮುಂಚೆ ಸೌಟಿನಲ್ಲಿ ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿಯುವ ಸದ್ದು. ಅದರ ಹಿಂದೆಯೇ "ಬತ್ತಾ ಇವ್ನಿ ಕಣ್ರಿ" ಎನ್ನುವ ಕೂಗು. ಮೂರು ತಿಂಗಳಿಂದ ಇದು ನಡೆದಿದೆ. ವಯಸ್ಸಾದಂತೆ ಕೈಯಲ್ಲಿ ಹಿಡಿತವಿಲ್ಲ ಎಂದು ನಾನು ಅವಳನ್ನು ಗದರಿಸಿದ್ದೂ ಉಂಟು.

"ಇಲ್ಲ" ಎಂದೆ. ಸಭೆಗೆ ಕೇಳುವಂತೆ ಎಂದೆ. ಅವಳು ನನ್ನ ಮುಖ ನೋಡಿ, ಸರಿ ಸಾ ಎಂದಳು. ಮುಂದೆ ಏನು ಕೇಳಿದಳೋ ನನಗೆ ನೆನಪಿಲ್ಲ.

ಅಂಕದ ಹಾಳೆ ಬಂತು. ಶಾಂತಮೂರ್ತಿಗೆ ಹದಿನೆಂಟು ಹಾಕಿದೆ. ಪೆನ್ನು ಬೀಳಿಸಿದವಳಿಗೆ ಹನ್ನೆರಡು. ಶಿವರಂಜನಿಗೆ ನಾಲ್ಕು. ಕಾರಣ ಎಂಬ ಕಡೆ, ಪಾರ್ಟಿನಲ್ಲಿ ಇಲ್ಲದ್ದನ್ನು ಕೇಳಿದರು ಎಂದು ಬರೆದೆ. ನಾಟಕದವರಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇದೆಯೇ? ಬರೆದದ್ದರಲ್ಲಿ ತಪ್ಪಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ನಿಜ ಏನೆಂದರೆ, ಈಕೆ ಕೊಳ್ಳೇಗಾಲದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಒಂದಲ್ಲ ಒಂದು ದಿನ ನನ್ನನ್ನು ಪೂರ್ತಿ ಓದಿಬಿಡುತ್ತಾಳೆ ಎಂಬ ಭಯ. ಡಾಕ್ಟರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ಸೋಮವಾರ ಪಟ್ಟಿ ಹಾಕುವವರೆಗೂ ಸಮಯವಿದೆ, ಬದಲಾಯಿಸುವುದಾದರೆ ಕಾರಣ ಬರೆದು ಸಹಿ ಮಾಡಬೇಕು ಎಂದರು. ಬದಲಾವಣೆ ಇಲ್ಲ ಎಂದು ಬಂದುಬಿಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಸತ್ತೇಗಾಲದ ಬಸ್ಸಿಗೆ ಕಾಯುತ್ತಿದ್ದಳು. ತಪ್ಪಿಸಿಕೊಳ್ಳಲು ನೋಡಿದೆ, ಅವಳೇ ಬಂದು ಚೆನ್ನಾಗಿ ಪಾರ್ಟು ಮಾಡಿದ್ರಿ ಎಂದಳು. ಇಲ್ಲದ ಮಾತು ಯಾಕೆ ಕೇಳಿದಿರಿ ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆ. ಅವಳು ಬಸ್ಸು ಬರುವ ದಿಕ್ಕು ನೋಡುತ್ತ ಹೇಳಿದಳು:

"ನಮ್ಮಪ್ಪನೂ ಮಿಲ್ಟ್ರಿ ಸಾ. ನಮ್ಮವ್ವ ಸಾಯಗಂಟ ಕೆಮ್ಮಿಕಂಡೇ ಒಳೀಕ್ ಬತ್ತಿತ್ತು. ನೆಗಡಿ ಅನ್ಕಂಡಿದ್ದೊ ನಾವು."

ಅವಳಿಗೆ ನನ್ನ ಮೇಲೆ ಅನುಮಾನ ಬಂದಿತ್ತೋ ಇಲ್ಲವೋ ತಿಳಿಯದು. ಮತ್ತೇನೂ ಕೇಳದೆ ಬಸ್ಸು ಹತ್ತಿದಳು. ಆ ಗೋಡೆಯ ಮೇಲೆ ಬರೆದಿದ್ದ ಅರ್ಹತೆಗಳಲ್ಲಿ ಕೊನೆಯದನ್ನು ಅವಳು ಯಾವ ಮನೆಯಲ್ಲಿ ಓದಿ ಪಾಸು ಮಾಡಿದ್ದಾಳೆ ನೋಡು.

ಮಾರನೆಯ ದಿನ ಮಧ್ಯಾಹ್ನ ಅಡಿಗೆಮನೆಗೆ ಬೆನ್ನು ಹಾಕಿ ಹಜಾರದಲ್ಲಿ ಕೂತೆ, ಬೇಕೆಂದೇ. ಎರಡು ಸಲ ಬಡಿದ ಸದ್ದು ಬಂತು, ಬತ್ತಾ ಇವ್ನಿ ಕಣ್ರಿ ಎಂಬುದೂ ಬಂತು. ತಿರುಗಿ ನೋಡದೆ ಕೇಳಿದೆ, ಯಾವಾಗಿಂದ ಹೀಗೆ ಬಡಿಯುತ್ತಿದ್ದೀಯೆ ಎಂದು. ಅವಳು ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಉಪ್ಸಾರು ಬಿಟ್ಟಳು.

"ಆವತ್ತಿಂದ" ಎಂದಳು. "ಉಣ್ಣಿ, ಆರೋಯ್ತದೆ."

ಅಷ್ಟೇ. ನಾನು ಮುದ್ದೆ ಮುರಿದೆ.

ಮುತ್ತಯ್ಯ, ನನಗೆ ಎದುರಿಗಿರುವ ಯಾರ ಭಯವೂ ಇಲ್ಲ. ನನ್ನ ಬೆನ್ನ ಹಿಂದಿನ ಜಾಗದ ಭಯ. ಬ್ಯಾಂಕಿನಲ್ಲಿ ಕಂಬಕ್ಕೆ ಒರಗಿಯೇ ನಿಲ್ಲುತ್ತೇನೆ. ಪಕ್ಕದ ಅಂಗಡಿಯವನು ಷಟರ್ ಎಳೆದರೆ ಕೈ ತಾನಾಗಿ ಬಂದೂಕಿಗೆ ಹೋಗುತ್ತದೆ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಮಾದಸ್ವಾಮಿ ಹೋದ ಸಲದ ಪ್ರಾಕ್ಟೀಸಿನಲ್ಲಿ ಎಲ್ಲರ ಮುಂದೆ ಆಡಿಕೊಂಡ. "ಏನ್ಲಾ ಮಲ್ಲ, ಸೈಡ್‌ವಿಂಗು ಬಿಟ್ಟು ಮುಂದಕ್ಕೇ ಬರಾಕಿಲ್ವಲ್ಲ, ಪರದೆಗೆ ಗೋಂದು ಅಂಟ್ಸಿದ್ದಾರಾ ನಿನ್ನ?" ಎಂದ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಈಗ ನಿಜ ಬರೆದುಕೊಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ತಲೆ ಸರಿಯಿಲ್ಲದವನ ಕೈಗೆ ಬಂದೂಕು ಕೊಡುವುದಿಲ್ಲ. ಲೈಸೆನ್ಸ್ ಹೋಗುತ್ತದೆ, ಬ್ಯಾಂಕಿನ ಕೆಲಸ ಹೋಗುತ್ತದೆ. ಶಿವರಾತ್ರಿಯ ನಾಟಕದಲ್ಲಿ ನನ್ನ ಪಾರ್ಟು ಇನ್ನೊಬ್ಬನಿಗೆ. ಟೀ ಅಂಗಡಿಯಲ್ಲಿ ನಾನು ಹೋದೊಡನೆ ಮಾತು ನಿಲ್ಲುತ್ತದೆ. ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿದೆ. ಶಾಂತಮೂರ್ತಿ ಬಂದು ಕೂರುತ್ತಾನೆ. ನಮ್ಮಂಥವರು ಮೂರು ತಾಲ್ಲೂಕಿನಿಂದ ಬಂದು ಮಂಡಿನೋವು ಎನ್ನುತ್ತೇವೆ, ಅವನು ಮಂಡಿನೋವು ಎಂದು ಬರೆದುಕೊಳ್ಳುತ್ತಾನೆ. ನಮ್ಮ ಮನೆಯ ಹೆಂಗಸರು ಕೆಮ್ಮುತ್ತಲೇ ಇರುತ್ತಾರೆ.

ನಿನ್ನೆ ಹೋಗಿ ಡಾಕ್ಟರಿಂದ ಹಾಳೆ ಈಸಿಕೊಂಡು ಬಂದೆ. ನಾಲ್ಕನ್ನು ಹೊಡೆದು ಇಪ್ಪತ್ತು ಮಾಡಿದ್ದೇನೆ. ಕಾರಣದ ಕಡೆ, ಅವರು ಕೇಳಿದ್ದಕ್ಕೆ ನಾನು ಇಲ್ಲ ಎಂದದ್ದು ಸುಳ್ಳು, ಹೌದು ಎಂಬುದೇ ನಿಜ, ಈ ಮಾತು ರಾಜಣ್ಣನದಲ್ಲ ನನ್ನದು ಎಂದು ಬರೆದಿದ್ದೇನೆ. ಸಹಿ ಮಾತ್ರ ಆಗಿಲ್ಲ. ಈ ಕಾಗದ ಸರಾಗವಾಗಿ ಬರೆಯುತ್ತಿದ್ದೇನೆ, ಅಲ್ಲಿ ನನ್ನ ಹೆಸರಿನ ಐದಕ್ಷರ ಬರೆಯಲಾಗುತ್ತಿಲ್ಲ.

ನೀನು ಭಾನುವಾರ ಬಾ. ಸೋಮವಾರ ಬೆಳಗ್ಗೆ ನಿನ್ನ ಎದುರಿಗೆ ಸಹಿ ಮಾಡುತ್ತೇನೆ, ಇಬ್ಬರೂ ಹೋಗಿ ಕೊಟ್ಟುಬರೋಣ. ಒಬ್ಬನೇ ಹೊರಟರೆ ಹಿಂದಿನ ಸಲದಂತೆ ಬಸ್ ಸ್ಟ್ಯಾಂಡಿನಿಂದಲೇ ತಿರುಗಿಬಿಡುತ್ತೇನೆ. ನಿನ್ನ ಮುಂದೆ ಹಾಗೆ ಮಾಡಲು ನಾಚಿಕೆಯಾಗುತ್ತದೆ. ನನಗೀಗ ಇರುವ ಧೈರ್ಯ ಅದೊಂದೇ.

ತಂಗಿ ಶಿವಮ್ಮನಿಗೆ ನನ್ನ ಕ್ಷಮೆ ತಿಳಿಸು. ಹೊಸ ಮನೆಯಲ್ಲಿ ನಿನ್ನ ಮಗಳ ಒಲೆ ಸದಾ ಉರಿಯುತ್ತಿರಲಿ, ಅವಳ ಮಕ್ಕಳು ಹೆದರದೆ ನಿದ್ದೆ ಮಾಡಲಿ, ಮಾದಪ್ಪ ನಿಮ್ಮೆಲ್ಲರ ಬೆನ್ನಿಗಿರಲಿ.

ಇಂತಿ ನಿನ್ನ
ಶಿವಮಲ್ಲಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸುವರ್ಣ ಆವತ್ತು ಎಂದದ್ದು ಶ್ರಾವಣದ ಎರಡನೇ ಸೋಮವಾರ. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಬಂದೂಕು ಒರೆಸುತ್ತ ಕೂತಿದ್ದೆ. ಅವಳು ಹಿಂದಿನಿಂದ ಬಂದು ಕಾಫಿ ಲೋಟ ಇಟ್ಟಳು. ನಡುವೆ ಏನಾಯಿತೋ ನನಗೆ ತಿಳಿಯದು, ತಿಳಿಯುವ ಹೊತ್ತಿಗೆ ನಳಿಗೆ ಅವಳ ಎದೆಗೆ ತಾಗಿತ್ತು. ಅವಳು ನಕ್ಕಳು ಮುತ್ತಯ್ಯ. "ಶಿವರಾತ್ರಿ ನಾಟ್ಕಕ್ಕೆ ಈಗ್ಲೇ ಪ್ರಾಕ್ಟೀಸಾ" ಎಂದಳು. ಆಮೇಲೆ ನನ್ನ ಮುಖ ನೋಡಿದಳು, ನಗು ಅಲ್ಲೇ ನಿಂತಿತು. ಖಾಲಿ ಕಣೇ, ಹೆದರಬೇಡ ಎಂದೆ.

ಖಾಲಿ ಇರಲಿಲ್ಲ. ಎರಡು ನಳಿಗೆಯಲ್ಲೂ ಗುಂಡಿತ್ತು, ಬೆರಳು ಟ್ರಿಗರಿನ ಮೇಲಿತ್ತು. ಬ್ಯಾಂಕಿನ ರಜೆ ಮುಂದುವರಿಸಿದ್ದೇನೆ, ಬಂದೂಕು ಈಗ ಟ್ರಂಕಿನಲ್ಲಿದೆ, ಬೀಗದ ಕೈ ಅವಳಿಗೇ ಕೊಟ್ಟಿದ್ದೇನೆ, ಸೋಮವಾರ ಅದನ್ನೂ ಸ್ಟೇಷನ್ನಿಗೆ ಒಪ್ಪಿಸಿಬಿಡೋಣ. ಆದರೆ ಅವಳ ಮಟ್ಟಿಗೆ ಅದು ಇವತ್ತಿಗೂ ಖಾಲಿ ಬಂದೂಕು. ನೀನು ಬಂದಾಗ ನಿಜವನ್ನು ನೀನೇ ಹೇಳು. ನಾನು ಹೇಳಿದರೆ ನಾಟಕ ಎಂದುಕೊಂಡು ಅವಳು ಮತ್ತೆ ನಕ್ಕುಬಿಟ್ಟಾಳು.