ಎಳೆಯೋದು ಸಾಕು

ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ, ಜಗಲಿಯಿಂದ

ಮಹಾಜನರೇ!

ಸೋಫಾದ ಮೇಲೆ ಕಾಲು ಚಾಚಿ ಕೂತಿರುವ ಷಡ್ಡಕರೇ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಕಕ್ಕಾಗಿ ತಡಕಾಡುತ್ತಿರುವ ನಾದಿನಿಯೇ, "ಜೋರಾಗಿ ಓದೇ, ಏನೂ ಕೇಳಿಸ್ತಿಲ್ಲ" ಎಂದು ಓದುವ ಮೊದಲೇ ಗದರುತ್ತಿರುವ ಪೂಜ್ಯ ಅತ್ತೆಯವರೇ, ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲೇ ನಿಂತುಬಿಟ್ಟಿರುವ ಪಕ್ಕದ ಮನೆಯವರೇ! ಎಲ್ಲರಿಗೂ ಈ ಬಡ ನಟನ ನಮಸ್ಕಾರ.

ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಾ, ಒಂದು ಕಿವಿಯನ್ನು ಮಾತ್ರ ನಡುಮನೆಯಲ್ಲಿ ಬಿಟ್ಟು ಹೋಗಿರುವ ನನ್ನ ಮನೆಯೊಡತಿಯೇ, ನಿನಗೆ ನಮಸ್ಕಾರ ಸಾಲದು. ಶರಣು.

ಗಂಡ ಹೆಂಡತಿಗೆ ಬರೆಯುವ ಕಾಗದದಲ್ಲಿ ಸಭಾವಂದನೆ ಏತಕ್ಕೆ ಎಂದು ಷಡ್ಡಕರು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಾಮಿ, ನಾನು ಫೋನ್ ಮಾಡಿದರೆ ನನ್ನವಳು ಎತ್ತುವುದಿಲ್ಲ. ಹಾಲಿನ ವ್ಯಾನಿನವನ ಕೈಯಲ್ಲಿ ಕಾಗದ ಕಳಿಸಿದರೆ ಒಡೆಯುವುದಿಲ್ಲ. ಅವಳು ಒಡೆಯದ ಕಾಗದವನ್ನು ಅವಳ ತಂಗಿ ಒಡೆಯದೆ ಬಿಡುವುದಿಲ್ಲ. ಒಡೆದದ್ದನ್ನು ಒಬ್ಬಳೇ ಓದಿ ಅರಗಿಸಿಕೊಳ್ಳುವ ಶಕ್ತಿಯನ್ನು ದೇವರು ಆ ತಂಗಿಗೆ ಕೊಟ್ಟಿಲ್ಲ. ಅಂದಮೇಲೆ ಇದು ಕಾಗದವಲ್ಲ, ಪ್ರದರ್ಶನ. ಅಪ್ಪನ ನಾಟಕ ಕಂಪನಿಯ ವೇಷದ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು ನಾನು. ಕಂಪನಿ ಮುಚ್ಚಿದ ಮೇಲೂ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರನ್ನು ಯುದ್ಧ ಸಾರಿದಂತೆ ಸಾರಿ ನಿವೃತ್ತನಾದವನು. ಸಭೆಯಿಲ್ಲದೆ ನನಗೆ ಬಾಯಿ ಬರುವುದಿಲ್ಲ.

ಪರದೆ ಏಳಲಿ!

ನಮ್ಮ ಜಾಗವನ್ನು ಅತ್ತೆಯವರು ನೋಡಿಲ್ಲ, ಆದ್ದರಿಂದ ಹೇಳುತ್ತೇನೆ. ಕೆಳಗೆ ಮನೆ ಮತ್ತು ಬಾವಿ. ಗುಡ್ಡದ ನೆತ್ತಿಯಲ್ಲಿ ಮೇಕೆಗಳ ಕೊಟ್ಟಿಗೆ. ನಡುವೆ ಹಣ್ಣಿನ ಮರಗಳು, ಒಂದು ಕಲ್ಲುಗೋಡೆ, ಮತ್ತು ಎದೆಗೆ ಎದುರಾಗಿ ನಿಂತ ಹಾಗಿರುವ ಏರುದಾರಿ. ಮೇಲೆ ಗಾಳಿ ಚೆನ್ನಾಗಿದೆ ಎಂದು ಕೊಟ್ಟಿಗೆಯನ್ನು ಅಲ್ಲಿ ಕಟ್ಟಿಸಿದವನು ನಾನೇ. ಮೇಕೆಗಳ ನೀರು, ಮೇವು ಎಲ್ಲವೂ ಕೆಳಗಿನಿಂದಲೇ ಮೇಲೆ ಹೋಗಬೇಕು.

ಜಾಗಕ್ಕೆ ಒಂದು ಯಂತ್ರ ಬೇಕು ಎಂಬುದರಲ್ಲಿ ಗಂಡ ಹೆಂಡತಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಯಾವುದು ಎಂಬಲ್ಲಿ ರಣರಂಗ. ನೀನು ಕೇಳಿದ್ದು ಯುಟಿಲಿಟಿ ಗಾಡಿ: ಮುಂದೆ ಎರಡು ಸೀಟು, ಹಿಂದೆ ಸಾಮಾನಿನ ತೊಟ್ಟಿ, ಗುಡ್ಡ ಹತ್ತಲು ನಾಲ್ಕು ದಪ್ಪ ಚಕ್ರ. ನಾನು ಮನಸೋತದ್ದು ಪುಟ್ಟ ಟ್ರ್ಯಾಕ್ಟರಿಗೆ. ಬೆಲೆ ಹೆಚ್ಚು ಕಡಿಮೆ ಒಂದೇ, ಹಾಗಾಗಿ ದುಡ್ಡಿನ ಮೇಲೆ ಹಾಕಿ ಜಗಳ ಮುಗಿಸುವ ಅನುಕೂಲವೂ ಇರಲಿಲ್ಲ.

ಟ್ರ್ಯಾಕ್ಟರ್ ಉಳುತ್ತದೆ, ಹುಲ್ಲು ಸವರುತ್ತದೆ, ಮರದ ಬೊಡ್ಡೆ ಕೀಳುತ್ತದೆ, ಟ್ರೈಲರ್ ಎಳೆಯುತ್ತದೆ, ನಿನ್ನ ಗಾಡಿ ಏನು ಮಾಡುತ್ತದೆ ಎಂದು ನಾನು ಕೈ ಮೇಲೆತ್ತಿ ಗರ್ಜಿಸಿದೆ. "ಹೊತ್ಕೊಂಡು ಹೋಗುತ್ತೆ" ಎಂದೆ ನೀನು, ತಟ್ಟೆ ಒರೆಸುತ್ತಾ. ಬರೀ ಹೊರೋದಕ್ಕೆ ಒಂದು ಯಂತ್ರವೇ, ಅದು ಮಕ್ಕಳ ಆಟಿಕೆ ಎಂದು ನಾನು ನಕ್ಕೆ. ಆ ನಗು ಪಕ್ಕದ ತೋಟದ ದರ್ಜಿಗೂ ಕೇಳಿಸಿತಂತೆ. "ಉಳೋದಕ್ಕೆ ನಮ್ಮಲ್ಲಿ ಹೊಲ ಎಲ್ಲಿದೆ ರೀ? ಮೇಕೆ ಬೆನ್ನ ಮೇಲೆ ಉಳ್ತೀರಾ?" ಎಂದೆ ನೀನು. ನಾನು ಟ್ರ್ಯಾಕ್ಟರಿನ ಜಾಹೀರಾತನ್ನೇ ಅಭಿನಯ ಸಮೇತ ಓದಿದೆ. ಬೆಳಗಿನ ಟೀಗೆ ಶುರುವಾದದ್ದು ರಾತ್ರಿ ಹಾಸಿಗೆ ಕೊಡವುವವರೆಗೆ, ಮತ್ತೆ ಮರುದಿನದ ಟೀಗೆ.

ಕೊನೆಗೆ ಒಂದು ದಿನ ಮೇಕೆಗಳ ಕೆಲಸ ಮುಗಿಸಿ ಬಂದವಳೇ ನೀನು ಬ್ಯಾಗು ತುಂಬಿದೆ. ತಂಗಿಯ ಮನೆಗೆ ಹೋಗಿ ಬರುತ್ತೇನೆ ಎಂದೆ. ಗೇಟಿನ ಚಿಲಕ ತೆಗೆದು, ಒಂದು ಕೈಯನ್ನು ಸೊಂಟದ ಮೇಲಿಟ್ಟು, ತಿರುಗಿ ನನ್ನನ್ನು ನೋಡಿ ಎರಡೇ ಎರಡು ಮಾತು ಹೇಳಿದೆ.

"ಎಳೆಯೋದು ಸಾಕು."

ಮಹಾಜನರೇ, ನ್ಯಾಯ ನೀವೇ ಹೇಳಿ! ಎದುರಿಗೆ ಎರಡು ಯಂತ್ರಗಳಿವೆ. ಒಂದು ಹೊರೋದು, ಒಂದು ಎಳೆಯೋದು. ಹೆಂಡತಿ ಬಾಯಿಬಿಟ್ಟು "ಎಳೆಯೋದು ಸಾಕು" ಎನ್ನುತ್ತಾಳೆ. ಎಳೆಯೋದೇ ಸಾಕು, ಹೊರೋದು ಬೇಡ, ಟ್ರ್ಯಾಕ್ಟರೇ ಇರಲಿ! ಇದಕ್ಕಿಂತ ಸ್ವಚ್ಛವಾದ ಒಪ್ಪಿಗೆ ಉಂಟೇ? ಈ ಸಂಸಾರದಲ್ಲಿ ನಾನು ಒಂದು ವಾದ ಗೆದ್ದದ್ದು ಅದೇ ಮೊದಲು. ಅನುಮಾನ ಬರಬೇಕಾದದ್ದು ಅಲ್ಲೇ. ಬರಲಿಲ್ಲ.

ನಿನ್ನ ಬಸ್ಸಿನ ಧೂಳು ಅಡಗುವ ಮೊದಲೇ ನಾನು ಯಂತ್ರದ ಅಂಗಡಿಯಲ್ಲಿದ್ದೆ. ಮಾತು ಮಾತಿಗೆ "ಅದು ಗ್ಯಾರಂಟಿ ಸಾರ್" ಎನ್ನುವುದರಿಂದ ಆ ಅಂಗಡಿಯವನಿಗೆ ಗ್ಯಾರಂಟಿ ಎಂದೇ ಹೆಸರು. ಸಂಜೆಗೆ ಕೆಂಪು ಟ್ರ್ಯಾಕ್ಟರ್ ಟ್ರೈಲರಿನ ಸಮೇತ ಅಂಗಳಕ್ಕೆ ಬಂತು. ನಾನು ಅದರ ಮೇಲೆ ಎದೆಯುಬ್ಬಿಸಿ ಕೂತು, ದರ್ಜಿಯಿಂದ ಫೋಟೋ ತೆಗೆಸಿ, "ನಿನ್ನ ಮಾತಿನಂತೆ" ಎಂದು ಬರೆದು ನಿನಗೆ ಕಳಿಸಿದೆ. ಉತ್ತರ ನಾದಿನಿಯಿಂದ ಬಂತು: "ಭಾವ, ಅಕ್ಕ ಫೋಟೋ ನೋಡಿದ್ಲು. ಈಗ ಹಿತ್ತಲಲ್ಲಿ ಬಟ್ಟೆ ಒಗೀತಿದ್ದಾಳೆ. ಒಗೆದ ಬಟ್ಟೆನೇ ಮತ್ತೆ ಒಗೀತಿದ್ದಾಳೆ."

ಹಿಂದೆಯೇ ಷಡ್ಡಕರ ಫೋನು. "ಅಲ್ಲಾ ಭಾವ, ನಿಮಗೆ ತಲೆ ಇದೆಯೇನ್ರೀ? ಜಗಳ ಎಳೆಯೋದು ಸಾಕು, ಇನ್ನು ನಿಲ್ಲಿಸಿ ಅಂತ ಅವರು ಹೇಳಿದ್ದು. ನೀವು ಹೋಗಿ ಟ್ರ್ಯಾಕ್ಟರ್ ತಂದ್ರಾ? ಅದರ ಜೊತೆಲೇ ಸಂಸಾರ ಮಾಡ್ಲಿ, ಅದು ಇರೋ ಅಂಗಳಕ್ಕೆ ನಾನು ಕಾಲಿಡಲ್ಲ ಅಂತಿದ್ದಾರೆ." ಹಿಂದಿನಿಂದ ಅತ್ತೆಯವರ ದನಿಯೂ ಕೇಳಿಸಿತು: "ಯಾರಿಗೆ ತಲೆ ಇಲ್ಲ? ಅಳಿಯಂದಿರಿಗಾ? ಅದು ಗೊತ್ತಿರೋ ವಿಷಯ ತಾನೇ."

ಕಾಲಿಡಲ್ಲ ಎಂಬ ಮಾತು ಕೇಳಿ ನಾನು ಅಂಗಳಕ್ಕೆ ಹೋಗಿ ಟ್ರ್ಯಾಕ್ಟರಿಗೆ ಎರಡು ಸುತ್ತು ಬಂದದ್ದು ನಿಜ. ಆದರೂ ಯಂತ್ರದ ಪ್ರತಾಪವನ್ನು ನೋಡಿದರೆ ನೀನೇ ಕರಗುತ್ತೀಯ ಎಂದು ನಂಬಿದೆ. ಮರುದಿನ ಬೆಳಗ್ಗೆ ಟ್ರೈಲರಿಗೆ ನೀರಿನ ಕ್ಯಾನುಗಳನ್ನೂ ಮೇವಿನ ಮೂಟೆಯನ್ನೂ ಹೇರಿ, ಟ್ರ್ಯಾಕ್ಟರ್ ಏರಿ, ಗುಡ್ಡದ ಕಡೆಗೆ ತಿರುಗಿಸಿದೆ.

ಏರಿನ ಅರ್ಧಕ್ಕೆ ಬಂದಾಗ ಟ್ರ್ಯಾಕ್ಟರ್ ಮುಂದಿನ ಎರಡು ಕಾಲು ಎತ್ತಿತು. ಕುದುರೆ ಎತ್ತಿದ ಹಾಗೆ! ರಾಜನ ಪಾತ್ರದಲ್ಲಿ ನಾನು ಮರದ ಕುದುರೆ ಏರಿದವನು. ಅದು ಎಂದೂ ಕಾಲು ಎತ್ತಿರಲಿಲ್ಲ. ಬ್ರೇಕು ಒತ್ತಿ, ಇದ್ದಬದ್ದ ದೇವರನ್ನೆಲ್ಲ ತಾರಸ್ಥಾಯಿಯಲ್ಲಿ ಕರೆದು, ಹಿಂದಕ್ಕೆ ಇಳಿಸಲು ಹೊರಟೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ. ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ. ಬಟ್ಟೆ ಒಣಹಾಕುವ ಹಗ್ಗ ಹರಿಯಿತು, ದರ್ಜಿಯ ಬೇಲಿ ಮಲಗಿತು, ಕಲ್ಲುಗೋಡೆಗೂ ಬಾವಿ ಬದಿಯ ನೀರಿನ ತೊಟ್ಟಿಗೂ ನಡುವೆ ಟ್ರೈಲರ್ ಬೆಣೆಯಂತೆ ಕೂತಿತು, ಟ್ರ್ಯಾಕ್ಟರಿನ ಮೂತಿ ಚರಂಡಿಗೆ ಇಳಿಯಿತು. ಹೊಗೆಕೊಳವೆಯ ತುದಿಯಲ್ಲಿ ನನ್ನದೇ ಬನಿಯನ್ ಬಾವುಟದಂತೆ ಹಾರಾಡುತ್ತಿತ್ತು.

ದರ್ಜಿ ಮಲಗಿದ ಬೇಲಿಯನ್ನು ದಾಟಿಕೊಂಡು, ಟೀ ಲೋಟದ ಸಮೇತ ಬಂದ.

"ಅಳತೆ ತಗೊಂಡಿದ್ರಾ?"

"ಯಾವುದರ ಅಳತೆ?"

"ದಾರಿದು. ಗೋಡೆಯಿಂದ ತೊಟ್ಟಿವರೆಗೆ."

"ದಾರಿ ದಿನಾ ನೋಡ್ತೀನಲ್ಲಪ್ಪಾ!"

"ನಿಮ್ಮ ಹೊಟ್ಟೆನೂ ನಾನು ದಿನಾ ನೋಡ್ತೀನಿ. ಹಾಗಂತ ಟೇಪ್ ಹಿಡಿಯದೆ ಪ್ಯಾಂಟ್ ಹೊಲೀತೀನಾ?"

ಅಷ್ಟರಲ್ಲಿ ಮೇಲಿನಿಂದ ಮೇಕೆಗಳ ಕೂಗು. ನೀರಿಲ್ಲ, ಮೇವಿಲ್ಲ. ಚರಂಡಿಯಲ್ಲಿ ಮೂಗು ತೂರಿಸಿ ಮಲಗಿರುವ ಈ ಪರಾಕ್ರಮಿಯಿಂದ ಉಪಯೋಗವಿಲ್ಲ. ಇನ್ನೇನು ಮಾಡಲಿ, ಗೋಡೆಗೆ ಒರಗಿಸಿಟ್ಟಿದ್ದ ನಿನ್ನ ಕೈಗಾಡಿಯನ್ನು ತೆಗೆದು, ಕ್ಯಾನು, ಮೇವು ಎಲ್ಲವನ್ನೂ ಅದಕ್ಕೆ ಹೇರಿ ಹೊರಟೆ.

ಇಲ್ಲಿ ಸ್ವಲ್ಪ ದನಿ ತಗ್ಗಿಸಿ ಓದಮ್ಮಾ, ನಾದಿನಿ.

ನನ್ನವಳೇ, ಆ ಕೈಗಾಡಿ ಎಡಕ್ಕೆ ಎಳೆಯುತ್ತದೆ, ಅಲ್ಲವೇ? ಬಲಗೈಗೆ ಪೂರಾ ಭಾರ ಕೊಟ್ಟರೆ ಮಾತ್ರ ನೆಟ್ಟಗೆ ಬರುತ್ತದೆ. ಮೊದಲ ಮರದ ಹತ್ತಿರ ನನ್ನ ಉಸಿರು ಹೋಯಿತು. ಕೈ ಬಿಟ್ಟರೆ ಗಾಡಿ ಕೆಳಗೋಡುತ್ತದೆ, ಬಿಡದಿದ್ದರೆ ನಾನು ಬೀಳುತ್ತೇನೆ. ಅರ್ಧ ದಾರಿಯ ಚಪ್ಪಟೆ ಕಲ್ಲಿನ ಹತ್ತಿರ ಹೇಗೋ ಬಂದಾಗ ಗಾಡಿಯ ಹಿಡಿಯಿಂದ ದಾರಕ್ಕೆ ಕಟ್ಟಿದ ಒಂದು ಮರದ ತುಂಡು ನೇತಾಡುವುದು ಕಂಡಿತು. ಇದೇನಪ್ಪಾ ಅಲಂಕಾರ ಎಂದುಕೊಂಡೆ. ಆಮೇಲೆ ಹೊಳೆಯಿತು. ಕಾಲಿನಿಂದ ಅದನ್ನು ಚಕ್ರದ ಕೆಳಗೆ ತಳ್ಳಿದರೆ ಗಾಡಿ ನಿಲ್ಲುತ್ತದೆ, ಎಳೆದವರು ಕಲ್ಲಿನ ಮೇಲೆ ಕೂರಬಹುದು. ಅದರ ಒಂದು ಅಂಚು ಚಕ್ರದ ಗುಂಡಗಿನ ಆಕಾರಕ್ಕೇ ಸವೆದುಹೋಗಿತ್ತು.

ಕೂತೆ. ಕೂತು ಕೆಳಗೆ ನೋಡಿದೆ. ಅಲ್ಲಿಂದ ನಮ್ಮ ಜಗಲಿ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ನನ್ನ ಕುರ್ಚಿ ಕಾಣುತ್ತದೆ. ಆ ಹೊತ್ತಿನಲ್ಲಿ ಖಾಲಿ ಕುರ್ಚಿಯನ್ನು ಕಂಡೇ ನನಗೆ ಮೈ ಉರಿಯಿತು. ನೀನು ದಿನವೂ ನೋಡಿದ್ದು ಖಾಲಿ ಕುರ್ಚಿಯನ್ನಲ್ಲ. ಅದರಲ್ಲಿ ಒಬ್ಬ ಗಂಡಸು ಟೀ ಕುಡಿದು, ಗಂಟಲು ಸರಿಮಾಡಿಕೊಂಡು, ಎರಡು ಕೈ ಬೀಸುತ್ತಾ ಯಾವುದೋ ರಾಜ್ಯದ ಮೇಲೆ ದಂಡೆತ್ತಿ ಹೋಗುವುದನ್ನು. ಮೇಲಿನಿಂದ ಕಲ್ಲು ಉರುಳಿಸದೆ ಬಿಟ್ಟೆಯಲ್ಲ, ನಿನ್ನ ತಾಳ್ಮೆಯನ್ನು ಯಾವ ಸಭೆಯಲ್ಲಿ ಹೊಗಳಲಿ?

ಕೊಟ್ಟಿಗೆಗೆ ಹೋದೆ. ಮೇಕೆಗಳು ನನ್ನ ಮುಖ ನೋಡಲಿಲ್ಲ. ಕತ್ತು ಚಾಚಿ ನನ್ನ ಬೆನ್ನ ಹಿಂದೆ ನೋಡಿದವು. ಅಲ್ಲಿ ಯಾರೂ ಇಲ್ಲ ಎಂದು ಗೊತ್ತಾದ ಮೇಲೆ, ಬೇರೆ ದಾರಿಯಿಲ್ಲದೆ, ನನ್ನ ಕೈಯ ನೀರು ಕುಡಿದವು.

ಷಡ್ಡಕರೇ, ತಪ್ಪು ತಿಳಿಯಬೇಡಿ, ನಿಮ್ಮ ಅರ್ಥವೂ ತಪ್ಪು. ಅವಳು ಹೇಳಿದ್ದು ಟ್ರೈಲರಿನ ಮಾತಲ್ಲ, ಜಗಳದ ಮಾತೂ ಅಲ್ಲ. ತಾನು ಎಳೆಯುವುದು ಸಾಕು ಎಂದು ಹೇಳಿದ್ದು. ಸೊಂಟದ ಮೇಲೆ ಕೈಯಿಟ್ಟೇ ಹೇಳಿದಳು. ನಾನು ಅದನ್ನು ಅಭಿನಯದ ಭಂಗಿ ಎಂದುಕೊಂಡೆ! ಅದು ನೋವು, ಮಹಾಜನರೇ. ನಿಜವಾದ ನೋವು ರಂಗದ ನೋವಿನ ಹಾಗೆ ಎದೆ ಬಡಿದುಕೊಳ್ಳುವುದಿಲ್ಲವಾದ್ದರಿಂದ ನನಗೆ ಗುರುತು ಸಿಗಲಿಲ್ಲ.

ಕೆಳಗೆ ಇಳಿದವನೇ ಗ್ಯಾರಂಟಿಗೆ ಫೋನ್ ಮಾಡಿದೆ. ಟ್ರ್ಯಾಕ್ಟರ್ ವಾಪಸ್ ತಗೊಂಡು ಯುಟಿಲಿಟಿ ಗಾಡಿ ಕೊಡ್ತೀಯಾ ಎಂದು ಕೇಳಿದೆ.

"ಗ್ಯಾರಂಟಿ ಸಾರ್! ತಂದು ಅಂಗಡಿ ಮುಂದೆ ನಿಲ್ಲಿಸಿ."

"ಅದು ಚರಂಡಿಲಿದೆ."

"ಹಾಗಾದ್ರೆ ಗ್ಯಾರಂಟಿ ಇಲ್ಲ ಸಾರ್."

ಆದರೆ ನನ್ನ ಗಂಟಲಿನ ಬಗ್ಗೆ ನಿನಗೆ ಗೊತ್ತು. ನಾನು ಬೇಡಿಕೊಂಡ ರೀತಿಗೆ ಅವನ ಅಂಗಡಿಯಲ್ಲಿದ್ದ ಗಿರಾಕಿಗಳೂ ನನ್ನ ಪರ ವಹಿಸಿದರಂತೆ. ನಿನ್ನೆ ಸಂಜೆ ಅವನೇ ಖುದ್ದಾಗಿ ಬಂದ. ಟ್ರ್ಯಾಕ್ಟರ್ ಗೌರವಯುತವಾಗಿ ಅಂಗಳ ಬಿಟ್ಟು ಹೋಯಿತು. ಹೇಗೆ ಹೋಯಿತು ಎಂಬುದು ಈ ಕಥೆಗೆ ಅನಾವಶ್ಯಕ. ಈಗ ಅಲ್ಲಿ ನಿನ್ನ ಗಾಡಿ ನಿಂತಿದೆ. ಹಸಿರು ಬಣ್ಣ. ಕೆಂಪೂ ಇತ್ತು, ನಾನೇ ಬೇಡವೆಂದೆ. ಓಡಿಸೋದು ಯಾರು ಎಂದು ಗ್ಯಾರಂಟಿ ಕೇಳಿದ. ನಮ್ಮನೆಯವಳು ಎಂದೆ. "ಅಮ್ಮಾವ್ರಿಗೆ ಬರುತ್ತಾ ಸಾರ್?" ಎಂದ. ತುಂಬಿದ ಕೈಗಾಡಿಯನ್ನು ಆ ಇಳಿಜಾರಿನಲ್ಲಿ ಅಂಕೆಯಲ್ಲಿ ಇಟ್ಟವಳಿಗೆ ನಿನ್ನ ಯಂತ್ರ ಯಾವ ಲೆಕ್ಕ ಎಂದು ನಾನು ಹೇಳಿದ್ದು, ಅದೂ ದರ್ಜಿಗೆ ಕೇಳಿಸಿತಂತೆ. ದರ್ಜಿಯ ಬೇಲಿಯನ್ನು ನಾನೇ ಎತ್ತಿ ನಿಲ್ಲಿಸಿದ್ದೇನೆ. ಅದು ನೆಟ್ಟಗಿಲ್ಲ ಎಂದು ಅವನು ಟೇಪ್ ಹಿಡಿದು ತೋರಿಸಿದ.

ಈ ಅಂಗಳದಲ್ಲಿ ಈಗ ಟ್ರ್ಯಾಕ್ಟರ್ ಇಲ್ಲ. ಕಾಲಿಡಬಹುದು. ಬಾ ಎಂದು ಆಜ್ಞೆ ಮಾಡಲು ನನಗೆ ಮುಖವಿಲ್ಲ. ಬರುತ್ತೀಯಾ ಎಂದು ಕೇಳುತ್ತಿದ್ದೇನೆ, ಅಷ್ಟೇ. ಅತ್ತೆಯವರಿಗೆ ಕೇಳಿಸದಿದ್ದರೆ ಈ ಒಂದು ಸಾಲನ್ನು ಮತ್ತೆ ಜೋರಾಗಿ ಓದು, ನಾದಿನಿ.

ಇತಿ,
ನಿನ್ನವನೇ ಆದ,
ಊರವರು ಗುಡುಗಪ್ಪ ಎಂದು ಕರೆಯುವ,
ಸದ್ಯಕ್ಕೆ ಸೊಂಟ ಹಿಡಿದುಕೊಂಡಿರುವುದರಿಂದ ನಿಂತೇ ಬರೆಯುತ್ತಿರುವ,
ನಿನ್ನ ಗಂಡ

ತಾ.ಕ.: ಟ್ರ್ಯಾಕ್ಟರ್ ಹೋದ ರೀತಿಯನ್ನು ದರ್ಜಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಾನೆ. ಅದು ನಿಮ್ಮ ಮನೆ ತಲುಪುವ ಮೊದಲು ನನ್ನ ಬಾಯಿಂದಲೇ ಕೇಳಿಬಿಡು. ಹಗ್ಗ ಕಟ್ಟಿ ಗ್ಯಾರಂಟಿ ಟ್ರ್ಯಾಕ್ಟರನ್ನು ಚರಂಡಿಯಿಂದ ಹೊರಗೆ ಎಳೆಸಿದ್ದು ನಿನ್ನ ಗಾಡಿಯಿಂದಲೇ, ನಾನು ಆಟಿಕೆ ಎಂದ ಆ ಗಾಡಿಯಿಂದಲೇ. ಟ್ರ್ಯಾಕ್ಟರಿನ ಮೇಲೆ ಸ್ಟೇರಿಂಗ್ ಹಿಡಿದು, ತಲೆ ತಗ್ಗಿಸಿ ಕೂತಿದ್ದವನು ನಾನು. ವಿಡಿಯೋದಲ್ಲಿ ನಗುತ್ತಿರುವವರೆಲ್ಲ ನಮ್ಮ ನೆರೆಯವರೇ.

ಇನ್ನೊಂದು ಮಾತು. ಹೊಸ ಗಾಡಿಯನ್ನು ನಾನು ಓಡಿಸಿಲ್ಲ. ಆಸೆ ಇಲ್ಲವೆಂದಲ್ಲ. ಒಂದು ಸಲ ಸೀಟಿನಲ್ಲಿ ಕೂತು, ಸದ್ದಿಲ್ಲದೆ ಇಳಿದೆ. ಮೊದಲ ಸಲ ಅದನ್ನು ಗುಡ್ಡ ಹತ್ತಿಸುವವಳು ನೀನೇ ಆಗಬೇಕು. ಇವತ್ತು ಬೆಳಗ್ಗೆಯೂ ನಾನು ಕೈಗಾಡಿಯನ್ನೇ ಎಳೆದೆ. ನಾಳೆ ಬೆಳಗ್ಗೆಯೂ ಎಳೆಯುತ್ತೇನೆ. ಮೇಕೆಗಳಿಗೆ ನೀರು ಕುಡಿಸಿ, ಇಳಿದು ಬಂದು, ಮುಖ ತೊಳೆದು, ಮೊದಲ ಬಸ್ಸಿನ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಬಾಯಿ ಮುಚ್ಚಿಕೊಂಡು.