ವಾಲಗಕ್ಕೆ ಎದ್ದ ಸೊಂಟ

ರೀ,

ಗಂಜಿ ಒಲೆ ಮೇಲಿದೆ, ಎದ್ದು ಬಡಿಸಿಕೊಳ್ಳಿ. ಬೆಡ್‌ಪ್ಯಾನ್ ತೊಳೆದು ಅಟ್ಟಕ್ಕೆ ಹಾಕಿದ್ದೇನೆ, ಬೇಕಾದರೆ ಹತ್ತಿ ಇಳಿಸಿಕೊಳ್ಳಿ.

ನಿನ್ನೆ ನಾಪೋಕ್ಲಿನಿಂದ ನಿಮ್ಮ ನೋವಿನ ಮುಲಾಮು ತರುವಾಗ ಸುಬ್ಬಣ್ಣನ ಮನೆ ಮದುವೆ ಚಪ್ಪರಕ್ಕೆ ಇಣುಕಿದೆ. ವಾಲಗಕ್ಕೆ ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದವರು ನೀವು! ಬೆಳಿಗ್ಗೆ ತಾನೇ "ಸೊಂಟದ ಮೂಳೆ ಇನ್ನೂ ಕೂಡಿಲ್ಲ ಮಾರಾಯ್ತಿ, ಸ್ವಲ್ಪ ಎತ್ತಿ ಕೂರಿಸು" ಅಂದಿದ್ರಿ.

ಬೆನ್ನು ಹುಣ್ಣಾಗಬಾರದೆಂದು ಇಷ್ಟು ದಿನ ರಾತ್ರಿಯೆಲ್ಲ ನಿಮ್ಮ ಮಗ್ಗುಲು ಬದಲಿಸಿದೆ. ಎತ್ತಿ ಎತ್ತಿ ನನ್ನ ಮಂಡಿ ಊದಿಕೊಂಡಿತು. ಅದನ್ನು ನೋಡಿಯೂ ನೀವು ಎತ್ತಿಸಿಕೊಳ್ಳುತ್ತಲೇ ಇದ್ದಿರಲ್ಲ!

ಮಂಡಿ ತೋರಿಸಲು ವಿರಾಜಪೇಟೆಗೆ ಹೊರಟಿದ್ದೇನೆ. ಆಮೇಲೆ ಅಕ್ಕನ ಮನೆಯಲ್ಲೇ ಇರುತ್ತೇನೆ, ಫೋನ್ ಮಾಡಬೇಡಿ. ಕ್ಯಾಲ್ಸಿಯಂ ಮಾತ್ರೆ ಊಟವಾದ ಮೇಲೆ.

ನಿಮ್ಮ ವಾಕರ್ ಹುಡುಕಬೇಡಿ. ಅದನ್ನು ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೇನೆ.

ಮಾಲತಿ