ಬೆಟ್ಟದಯ್ಯಾ ಎಂದು ಹಾಡಿದವರಿಗೆ

ಪೆನ್ನಾಗರಂ
ನವೆಂಬರ್ 1996

ನನ್ನ ಮುದ್ದು ಅಜ್ಜಿ ಸಿದ್ದಲಕ್ಷ್ಮಮ್ಮನವರಿಗೆ,

ನೀವು ತೀರಿಕೊಂಡು ಎರಡು ತಿಂಗಳಾಯಿತು. ನಿಮಗೆ ಓದು ಬರುತ್ತಿರಲಿಲ್ಲ, ಇಂಗ್ಲಿಷ್ ಶಾಲೆಯ ನನಗೆ ಕನ್ನಡ ಬರೆಯಲು ಈಗಷ್ಟೇ ಕೈ ಕುದುರುತ್ತಿದೆ. ಆದರೂ ಬರೆಯದೆ ಇರಲಾರೆ!

ನಿಮ್ಮ ಮನೆಗೆ ಸೊಸೆಯಾಗಿ ಬಂದ ಮೊದಲ ದಿನವೇ ಅಂಗಳದಿಂದ "ಮುನಿರಾಜ್!" ಎಂದು ಗಂಡನನ್ನು ಕೂಗಿದೆ. ಅತ್ತೆ ಬೆಚ್ಚಿಬಿದ್ದರು. ಹುಣಸೆಬೀಜ ಬಿಡಿಸುತ್ತಿದ್ದ ನೀವು ನಕ್ಕಿರಿ. "ಕೂಗ್ಲಿ ಬುಡು. ನಮ್ ಯಜ್ಮಾನ್ರ್ದೂ ಬೆಟ್ಟದ ಸಾಮೀದೂ ಒಂದೇ ಎಸ್ರು ಅಂತ ನಾನು ಸಾಮಿ ಎಸ್ರನ್ನೂ ಬಾಯಲ್ಲಿ ತರ್ಲಿಲ್ಲ."

ನಿಮ್ಮ ಯಜಮಾನರು, ತಾತ ಪಳನಿಸ್ವಾಮಿಯವರ ಕೀರ್ತನೆಗಳೆಲ್ಲ ಪಳನಿಸ್ವಾಮಿ ಎಂಬ ಅಂಕಿತದಿಂದಲೇ ಮುಗಿಯುತ್ತವೆ. ಒಂದು ಮಧ್ಯಾಹ್ನ ನೀವು ಅವುಗಳಲ್ಲೊಂದನ್ನು ಗುನುಗಿದಾಗ ಆ ಜಾಗದಲ್ಲಿ 'ಬೆಟ್ಟದಯ್ಯಾ' ಎಂದು ಬಂತು. ಸೇಲಂನಲ್ಲಿ ಸಂಗೀತ ಕಲಿತ ಜಂಬದಿಂದ ನಾನು ತಿದ್ದಲು ಹೋದೆ.

"ಲೇ ವನಿತಾ, ಕಟ್ಟಿದೋಳ್ಗೇ ಯೋಳ್ಕೊಡ್ತೀಯಾ?"

ಅರ್ಧಕ್ಕರ್ಧ ಕೀರ್ತನೆಗಳು ನಿಮ್ಮವು! ಭಜನೆಯವರು ಬೆಟ್ಟದಯ್ಯನನ್ನು ತೆಗೆದು ಪಳನಿಸ್ವಾಮಿಯನ್ನು ಕೂರಿಸಿದ್ದರು. ಅಂಕಿತ ನೋಡಿ ಊರೆಲ್ಲ ಅವು ತಾತನವೆಂದುಕೊಂಡಿತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವರ್ದಲ್ಲ, ನಂದು ಅನ್ನೋಕೂ ಅವ್ರ ಎಸ್ರು ಯೋಳ್ಬೇಕಲ್ಲ ಲೇ" ಎಂದು ನಕ್ಕಿರಿ. ನನಗೆ ನಗು ಬರಲಿಲ್ಲ, ಅಜ್ಜಿ. ನನ್ನ ಸಂಗೀತ ಪಾಠದ ಪುಸ್ತಕದ ತುಂಬ ಗಂಡಸರ ಹೆಸರೇ. ಅದರೊಳಗೆ ನಿಮ್ಮಂಥವರು ಎಷ್ಟು ಜನ ಸುಮ್ಮನೆ ಕುಳಿತಿದ್ದಾರೋ!

ಮೊನ್ನೆ ಸೇಲಂನಲ್ಲಿ ನನ್ನ ಸಂಗೀತ ಕಚೇರಿ ಇತ್ತು. ನಿಮ್ಮ ಕೀರ್ತನೆಯನ್ನು ನಿಮ್ಮ ಹೆಸರಿನಲ್ಲೇ ಹಾಡುತ್ತೇನೆ ಎಂದು ಮೊದಲೇ ಮನೆಯಲ್ಲಿ ಹೇಳಿದೆ. ನಿಮ್ಮ ಕಿರಿಮಗ, ನನ್ನ ಚಿಕ್ಕಮಾವ, ಸಿಟ್ಟಾದರು. "ಅಪ್ಪನ ಎಸ್ರು ತೆಗೆದ್ರೆ ನಾನು ಎದ್ದೋಯ್ತೀನಿ, ಅಷ್ಟೇ."

ಆದರೂ ಮೈಕಿನಲ್ಲಿ ಹೇಳಿದೆ: "ಇದನ್ನು ರಚಿಸಿದವರು ಪೆನ್ನಾಗರಂನ ಸಿದ್ದಲಕ್ಷ್ಮಮ್ಮ." ಚಿಕ್ಕಮಾವ ಎದ್ದೇಬಿಟ್ಟರು. ನಾನು ಹಾಡುತ್ತಲೇ ಹೋದೆ. ಕೊನೆಯ ಚರಣದಲ್ಲಿ 'ಬೆಟ್ಟದಯ್ಯಾ' ಎಂದಾಗ ಅವರು ಬಾಗಿಲಲ್ಲಿ ನಿಂತರು. ಹಾಡು ಮುಗಿಯುವವರೆಗೂ ಕದಲಲಿಲ್ಲ.

ವಾಪಸು ಬರುವಾಗ ತೊಪ್ಪೂರು ಘಾಟಿಯಲ್ಲಿ ಬಸ್ಸು ಏದುಸಿರು ಬಿಡುತ್ತಿತ್ತು. ಹಿಂದಿನ ಸೀಟಿನಿಂದ ಅವರ ದನಿ: "ತೊಟ್ಲು ತೂಗ್ವಾಗ ಅವ್ವ ಅಂಗೇ ಅಂತಿತ್ತು, ಬೆಟ್ಟದಯ್ಯಾ ಅಂತ. ಮರ್ತೇಬುಟ್ಟಿದ್ದೆ." ಮುಂದಕ್ಕೆ ಬಾಗಿ, "ಇನ್ನೊಂದ್ಸಲಿ ಪಾಡಮ್ಮ" ಎಂದರು. ಬಸ್ಸಿನಲ್ಲೇ ಹಾಡಿದೆ, ಅಜ್ಜಿ!

ಅಲ್ಲಿ ತಾತ ಸಿಕ್ಕರೆ ಒಮ್ಮೆ ಹೆಸರು ಹಿಡಿದೇ ಕೂಗಿಬಿಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮೊಮ್ಮಗನ ಬಾಯಿಬಡುಕಿ ಹೆಂಡತಿ,
ವನಿತಾ